ಹೊಸಿಲ ಹತ್ತಿರ ಉರುಳಿದ ಕವಡೆ

ಹೋದ ವಾರ ಮೈಸೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಈಗ ಎರಡನೇ ಪಿಯುಸಿ. ಗಣಿತ ಪುಸ್ತಕದ ಕೊನೆಯ ಪಾಠ ಸಂಭವನೀಯತೆ. ಅದರಲ್ಲಿ ಬರುವ 'ಷರತ್ತುಬದ್ಧ ಸಂಭವನೀಯತೆ' ಅನ್ನೋ ಹೆಸರು ಕೇಳಿದರೇ ಅವಳಿಗೆ ತಲೆನೋವು. ಬಿ ಅನ್ನೋ ಒಂದು ಘಟನೆ ಆಗಿದೆ ಅಂತ ಗೊತ್ತಾದಾಗ ಎ ಅನ್ನೋ ಇನ್ನೊಂದು ಘಟನೆ ಆಗುವ ಸಾಧ್ಯತೆ ಎಷ್ಟು ಅನ್ನೋ ಲೆಕ್ಕ ಅದು. ಸೂತ್ರವೇನೋ ಬಾಯಿಪಾಠ ಆಗಿದೆ. ಎ ಮತ್ತು ಬಿ ಎರಡೂ ಆಗುವ ಸಾಧ್ಯತೆಯನ್ನು ಬಿ ಆಗುವ ಸಾಧ್ಯತೆಯಿಂದ ಭಾಗಿಸಬೇಕು, ಅಷ್ಟೇ. ಯಾಕೆ ಭಾಗಿಸಬೇಕು ಅಂತ ಕೇಳಿದೆ. "ಪುಸ್ತಕದಲ್ಲಿ ಹಾಗಿದೆ ಚಿಕ್ಕಮ್ಮ" ಅಂದಳು.

ನಾನೂ ಪಿಯುಸಿಯಲ್ಲಿ ಹಾಗೇ ಭಾಗಿಸಿಕೊಂಡು ಪಾಸಾದವಳು. ಆದ್ದರಿಂದ ಬೈಯಲಿಲ್ಲ.

ಸಂಜೆ ಅಮ್ಮ, ಅವಳು, ನಾನು ಚೌಕಾಬಾರ ಆಡೋಕೆ ಕೂತೆವು. ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಮನೆ, ನಾಲ್ಕು ಕವಡೆ. ಆಡದೇ ಇರುವವರಿಗೆ ಒಂದು ಮಾತು: ಎಷ್ಟು ಕವಡೆ ಅಂಗಾತ ಬೀಳುತ್ತೋ ಅಷ್ಟು ಗರ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಎಸೆಯಬಹುದು.

ಅಮ್ಮನ ಕಾಯಿಗೆ ಸರಿಯಾಗಿ ನಾಲ್ಕು ಮನೆ ಮುಂದೆ ಮೊಮ್ಮಗಳ ಕಾಯಿ ಇತ್ತು. ಚೌಕ ಬಿದ್ದರೆ ಹೊಡೆದೇ ಬಿಡಬಹುದು. ಅಮ್ಮ ಕವಡೆ ಕುಲುಕಿ ಎಸೆದರು, ಅದೇ ಕ್ಷಣಕ್ಕೆ ಕರೆಂಟ್ ಹೋಯಿತು. ಮೂರು ಕವಡೆ ಅಲ್ಲೇ ಎಲ್ಲೋ ಬಿದ್ದವು, ಇನ್ನೊಂದು ಉರುಳಿಕೊಂಡು ಹೊಸಿಲ ತನಕ ಹೋದ ಸದ್ದು. ಆಗ ಬೀದಿಯಲ್ಲಿ ಯಾರದ್ದೋ ಸ್ಕೂಟರ್ ಬಂತು. ಅದರ ಬೆಳಕು ಒಂದೇ ಒಂದು ಕ್ಷಣ ಹೊಸಿಲ ಮೇಲೆ ಬಿತ್ತು. ಆ ಕವಡೆ ಅಂಗಾತ ಬಿದ್ದಿತ್ತು.

"ಫೋನ್ ಟಾರ್ಚ್ ಹಾಕಬೇಡ" ಅಂದೆ. "ಮೊದಲು ಹೇಳು, ಅಜ್ಜಿಗೆ ಚೌಕ ಬಿದ್ದಿರೋ ಸಾಧ್ಯತೆ ಎಷ್ಟು?"

ಅವಳು ಚುರುಕು. ಒಂದೊಂದು ಕವಡೆಗೂ ಎರಡು ದಾರಿ, ನಾಲ್ಕಕ್ಕೆ ಎರಡೆರಡ್ಲ ನಾಲ್ಕು, ಎಂಟು, ಹದಿನಾರು. ಒಂದು ಬೀಳೋಕೆ 4 ದಾರಿ, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. "ಎಸೆಯೋ ಮುಂಚೆ ಹದಿನಾರರಲ್ಲಿ ಒಂದು. ಈಗ ಒಂದು ಕವಡೆಯಾದರೂ ಅಂಗಾತ ಇದೆ ಅಂತ ಗೊತ್ತಾಯ್ತು, ಅಂದರೆ ಬಾರ ಅಲ್ಲ. ಅದೊಂದನ್ನ ತೆಗೆದರೆ ಉಳಿದದ್ದು 15. ಹದಿನೈದರಲ್ಲಿ ಒಂದು!"

ತಪ್ಪು. ಆದರೆ ಎಂಥ ಒಳ್ಳೇ ತಪ್ಪು ನೋಡಿ! ಈ ಪಾಠದ ಹೂರಣವೆಲ್ಲ ಈ ತಪ್ಪಿನೊಳಗೇ ಇದೆ.

ನಮಗೆ ಗೊತ್ತಾದದ್ದು 'ನಾಲ್ಕರಲ್ಲಿ ಯಾವುದೋ ಒಂದು ಅಂಗಾತ ಇದೆ' ಅಂತಲ್ಲ. 'ಹೊಸಿಲ ಹತ್ತಿರದ *ಈ* ಕವಡೆ ಅಂಗಾತ ಇದೆ' ಅಂತ. ಅಷ್ಟರಲ್ಲಿ ಅಕ್ಕ ಮೇಣದಬತ್ತಿ ತಂದು ದೂರದಲ್ಲಿಟ್ಟಳು. ಕವಡೆ ಕಡೆ ನೋಡದೆ ನೆಲದ ಮೇಲೆ ಹದಿನಾರೂ ಸಾಲು ಬರೆಸಿದೆ, ಅಂಗಾತಕ್ಕೆ ಸೊನ್ನೆ, ಬೋರಲಿಗೆ ಗೀಟು. ಮೊದಲ ಜಾಗ ಹೊಸಿಲ ಕವಡೆಗೆ. ಈಗ ಆ ಜಾಗದಲ್ಲಿ ಗೀಟು ಇರುವ ಸಾಲೆಲ್ಲ ಒರೆಸು ಅಂದೆ. ಒರೆಸಿದಳು. ಎಂಟು ಸಾಲು ಹೋಯಿತು, ಎಂಟು ಉಳಿಯಿತು. ಅದರಲ್ಲಿ ಚೌಕ ಒಂದು. ಎಂಟರಲ್ಲಿ ಒಂದು!

ಅವಳು ಒಪ್ಪಲಿಲ್ಲ. ಎರಡೂ ಒಂದೇ ಸುದ್ದಿ ತಾನೇ, ಒಂದಕ್ಕೆ ಹದಿನೈದರಲ್ಲಿ ಒಂದು, ಇನ್ನೊಂದಕ್ಕೆ ಎಂಟರಲ್ಲಿ ಒಂದು, ಹೆಚ್ಚುಕಮ್ಮಿ ಎರಡರಷ್ಟು ಹೇಗಾಗುತ್ತೆ ಅಂತ ವಾದ. ಹೀಗೆ ಯೋಚನೆ ಮಾಡು ಅಂದೆ. ಅಡುಗೆಮನೆಯಿಂದ ನಿಮ್ಮಮ್ಮ ಟಾರ್ಚ್ ತಂದು ನಾಲ್ಕೂ ಕವಡೆ ನೋಡಿ, ನಮಗೆ ತೋರಿಸದೆ, 'ಬಾರ ಅಂತೂ ಅಲ್ಲ' ಅಂತ ಮಾತ್ರ ಹೇಳಿದ್ದರೆ ನಿನ್ನ ಲೆಕ್ಕ ಸರಿ. ಯಾಕಂದರೆ ಹೊಸಿಲ ಕವಡೆ ಬೋರಲು ಬಿದ್ದು, ಬೇರೆ ಯಾವುದೋ ಒಂದು ಅಂಗಾತ ಇದ್ದರೂ ಅವಳು ಹಾಗೇ ಹೇಳುತ್ತಿದ್ದಳು. ಸ್ಕೂಟರ್ ಬೆಳಕು ಹಾಗಲ್ಲ. ಅದು ಒಂದೇ ಕವಡೆಯ ವಿಷಯ ಹೇಳಿತು, ಉಳಿದ ಮೂರರ ಬಗ್ಗೆ ಏನೂ ಹೇಳಲಿಲ್ಲ. ಉಳಿದ ಮೂರೂ ಅಂಗಾತ ಬೀಳಬೇಕು, ಅದು ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟರಲ್ಲಿ ಒಂದು. ಏನು ಗೊತ್ತಾಯಿತು ಅನ್ನೋದರ ಜೊತೆಗೆ ಹೇಗೆ ಗೊತ್ತಾಯಿತು ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಭಾಗಿಸೋದು ಅಂದರೆ ಒರೆಸೋದಾ?" ಅಂದಳು. ಹೌದು ಮಾರಾಯ್ತಿ! ಆಗದೇ ಹೋದ ಸಾಲುಗಳನ್ನು ಒರೆಸಿ, ಉಳಿದವನ್ನೇ ಪೂರ್ತಿ ಲೋಕ ಅಂತ ತಿಳಿದು ಮತ್ತೆ ಎಣಿಸೋದು. ಬಿ ಆಗುವ ಸಾಧ್ಯತೆಯಿಂದ ಭಾಗಿಸು ಅಂತ ಸೂತ್ರ ಹೇಳೋದು ಇಷ್ಟನ್ನೇ.

ಆಮೇಲೆ ಟಾರ್ಚ್ ಹಾಕಿ ನೋಡಿದೆವು. ಮೂರು. ಅಮ್ಮನಿಗೆ ಒಂದೇ ಒಂದು ಕವಡೆಯಲ್ಲಿ ಚೌಕ ತಪ್ಪಿತ್ತು.

ಅಮ್ಮನಿಗೆ ಅವರದೇ ಒಂದು ಲೆಕ್ಕ ಇದೆ. "ಇಷ್ಟು ಹೊತ್ತಾದರೂ ಬಾರ ಬಿದ್ದಿಲ್ಲ, ಇನ್ನು ಬೀಳಲೇಬೇಕು." ಹದಿನಾರಕ್ಕೆ ಒಂದು ಅಂದರೆ ಹದಿನಾರು ಸಲದಲ್ಲಿ ಒಂದು ಸಲ ಬಿದ್ದೇ ಬೀಳುತ್ತೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಕವಡೆಗೆ ನೆನಪಿಲ್ಲ. ಸತತವಾಗಿ 20 ಸಲ ಎಸೆದರೂ ಬಾರ ಬೀಳದೇ ಇರುವ ಸಾಧ್ಯತೆ ನೂರಕ್ಕೆ 27ಕ್ಕಿಂತ ಜಾಸ್ತಿ. ಇಪ್ಪತ್ತೊಂದನೇ ಸಲವೂ ಅದೇ ಹದಿನಾರರಲ್ಲಿ ಒಂದು. ಹಿಂದಿನದು ಗೊತ್ತಾದರೂ ಮುಂದಿನದರ ಸಾಧ್ಯತೆ ಬದಲಾಗದಿದ್ದರೆ ಅವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳು. ಪುಸ್ತಕದಲ್ಲಿ ಇವಕ್ಕೆ ಸ್ವತಂತ್ರ ಘಟನೆಗಳು ಅಂತಾರೆ. ಅಂಥವುಗಳ ಸಾಧ್ಯತೆಗಳನ್ನು ಮಾತ್ರ ನೇರವಾಗಿ ಗುಣಿಸಬಹುದು. ಈ 'ಮಾತ್ರ' ಮರೆತರೆ ಏನಾಗುತ್ತೆ ಅಂತ ಆಮೇಲೆ ಹೇಳ್ತೀನಿ, ಅದು ಆಟದ ಮಾತಲ್ಲ.

ಅದಕ್ಕೂ ಮುಂಚೆ ಭಾವನ ವಿಷಯ. ಮಗಳನ್ನು ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುತ್ತಾರೆ. ಕೇಳಿದರೆ, ರ‍್ಯಾಂಕ್ ಬಂದವರೆಲ್ಲ ನಾಲ್ಕಕ್ಕೆ ಎದ್ದು ಓದಿದವರೇ ಅಂತಾರೆ. ಇರಬಹುದು. ಲೆಕ್ಕಕ್ಕೆ ಸುಮ್ನೆ ಹೀಗೆ ಇಟ್ಟುಕೊಳ್ಳೋಣ: ಒಂದು ಕಾಲೇಜಿನಲ್ಲಿ 500 ಮಕ್ಕಳು, 10 ಜನಕ್ಕೆ ರ‍್ಯಾಂಕ್, ಆ ಹತ್ತರಲ್ಲಿ 9 ಮಂದಿ ನಾಲ್ಕಕ್ಕೆ ಏಳುವವರು. ಆದರೆ ಒಟ್ಟು ನಾಲ್ಕಕ್ಕೆ ಏಳುವವರು 300. ರ‍್ಯಾಂಕ್ ಬಂದವರಲ್ಲಿ ಬೇಗ ಎದ್ದವರು ನೂರಕ್ಕೆ 90. ಬೇಗ ಎದ್ದವರಲ್ಲಿ ರ‍್ಯಾಂಕ್ ಬಂದವರು ನೂರಕ್ಕೆ 3. ಅದೇ ಒಂಬತ್ತು ಮಕ್ಕಳು! ಒಂದು ಕಡೆ ಹತ್ತರಲ್ಲಿ ಎಣಿಸಿದೆವು, ಇನ್ನೊಂದು ಕಡೆ ಮುನ್ನೂರರಲ್ಲಿ. ಭಾವ ಏನು ಕಮ್ಮಿಯವರಾ, ಪೆನ್ನು ಕಿತ್ತುಕೊಂಡು, "ಏಳದೇ ಮಲಗಿದ 200 ಜನರಲ್ಲಿ ಒಬ್ಬನಿಗೆ ರ‍್ಯಾಂಕ್, ಅಂದರೆ ಅರ್ಧ ಪರ್ಸೆಂಟ್. ಎದ್ದರೆ ಆರು ಪಟ್ಟು ಲಾಭ ಅಲ್ವಾ?" ಅಂದರು. ನನ್ನ ಉದಾಹರಣೆ ನನಗೇ ತಿರುಗಿತು. ಏಳೋದರಿಂದಲೇ ಬಂತು ಅಂತ ಹೇಗೆ ಹೇಳ್ತೀರ ಅಂತ ಏನೋ ತೊದಲಿದೆ. ಅಲಾರಂ ಈಗಲೂ ನಾಲ್ಕಕ್ಕೇ ಇದೆ.

ಹೀಗೆ ಹಿಂದುಮುಂದು ಮಾಡಿದ್ದಕ್ಕೆ, ಗುಣಿಸಬಾರದ್ದನ್ನು ಗುಣಿಸಿದ್ದಕ್ಕೆ, ಒಬ್ಬ ತಾಯಿ ಜೈಲಿಗೆ ಹೋದ ಕಥೆ ಇಂಗ್ಲೆಂಡಿನದು. ಸ್ಯಾಲಿ ಕ್ಲಾರ್ಕ್ ಅಂತ, ವಕೀಲೆ. ಮೊದಲ ಗಂಡುಮಗು 1996ರ ಡಿಸೆಂಬರ್‌ನಲ್ಲಿ, ಎರಡನೆಯದು 1998ರ ಜನವರಿಯಲ್ಲಿ, ಎರಡೂ ಕೆಲವೇ ವಾರದ ಹಸುಗೂಸುಗಳಿರುವಾಗಲೇ ತೀರಿಕೊಂಡವು. ತಾಯಿಯೇ ಕೊಂದಳು ಅಂತ ಕೇಸ್ ಆಯಿತು. ಅಂಥ ಅನುಕೂಲಸ್ಥ, ಸಿಗರೇಟು ಸೇದದ ಮನೆಯಲ್ಲಿ ಒಂದು ಹಸುಗೂಸು ಕಾರಣ ಗೊತ್ತಾಗದೆ ತೊಟ್ಟಿಲಲ್ಲೇ ಸಾಯುವುದು 8,543ಕ್ಕೆ ಒಂದು, ಎರಡು ಸಾಯುವುದು ಅದನ್ನು ಅದರಿಂದಲೇ ಗುಣಿಸಿದಷ್ಟು, ಅಂದರೆ ಸುಮಾರು 7.3 ಕೋಟಿಗೆ ಒಂದು ಅಂತ ಮಕ್ಕಳ ತಜ್ಞ ರಾಯ್ ಮೆಡೋ ಸಾಕ್ಷಿ ಹೇಳಿದರು. 1999ರ ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆ ಆಯಿತು.

ಗುಣಿಸಿದ್ದೇ ತಪ್ಪು. ಇಬ್ಬರೂ ಒಂದೇ ತಾಯಿತಂದೆಯ ಮಕ್ಕಳು, ಒಂದೇ ಮನೆ, ಒಂದೇ ರಕ್ತ. ಒಂದು ಮಗುವಿಗೆ ಆದದ್ದು ಇನ್ನೊಂದಕ್ಕೂ ಆಗೋಕೆ ಕಾರಣ ಇರಬಹುದು. ಅವು ಎರಡು ಕವಡೆಗಳಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಮೋಸದ್ದು. 'ತಾಯಿ ತಪ್ಪು ಮಾಡಿಲ್ಲ ಅಂದರೆ ಎರಡು ಮಕ್ಕಳು ಹೀಗೆ ಸಾಯುವ ಸಾಧ್ಯತೆ' ಅನ್ನುವುದನ್ನು ಕೇಳಿದವರು 'ಎರಡು ಮಕ್ಕಳು ಸತ್ತಿವೆ ಅಂದರೆ ತಾಯಿ ತಪ್ಪು ಮಾಡದಿರುವ ಸಾಧ್ಯತೆ' ಅಂತ ತಿಳಿದುಬಿಡುತ್ತಾರೆ. ಭಾವನ ಹತ್ತು ಮತ್ತು ಮುನ್ನೂರರ ಥರದ್ದೇ ಅದಲುಬದಲು. ಎರಡು ಮಕ್ಕಳು ಸತ್ತಾಗಿದೆ, ಅದು ಗೊತ್ತಿರುವ ಸಂಗತಿ, ಆಗದೇ ಹೋದ ಸಾಲೆಲ್ಲ ಒರೆಸಿ ಆಗಿದೆ. ಉಳಿದ ಸಾಲುಗಳಲ್ಲಿ ಒಂದು ಕಡೆ ಅಪರೂಪದ ಕಾಯಿಲೆ, ಇನ್ನೊಂದು ಕಡೆ ತನ್ನ ಎರಡೂ ಕೂಸುಗಳನ್ನು ಕೊಂದ ತಾಯಿ. ಅದೂ ಅತಿ ಅಪರೂಪದ್ದೇ ಅಲ್ವಾ? ಅವೆರಡನ್ನು ತೂಗಬೇಕಿತ್ತು. ಒಂದನ್ನೇ ಹಿಡಿದು ಕೋಟಿಯ ಲೆಕ್ಕ ಹೇಳಿದರೆ ಕೇಳಿದವರು ಹೆದರುತ್ತಾರೆ, ಅಷ್ಟೇ.

2001ರ ಅಕ್ಟೋಬರ್‌ನಲ್ಲಿ ಅಲ್ಲಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಆಧಾರವಿಲ್ಲ ಅಂತ ಬಹಿರಂಗವಾಗಿ ಹೇಳಿತು. ಎರಡನೇ ಮಗುವಿಗೆ ಸೋಂಕು ಇದ್ದಿರಬಹುದು ಅಂತ ತೋರಿಸುವ ಪರೀಕ್ಷೆಯ ವರದಿ ವಕೀಲರಿಗೆ ಸಿಕ್ಕೇ ಇರಲಿಲ್ಲ, ಅದೂ ಹೊರಬಂತು. 2003ರ ಜನವರಿಯಲ್ಲಿ ಬಿಡುಗಡೆ. 2007ರಲ್ಲಿ ಆಕೆ ತೀರಿಕೊಂಡರು.

ಇದನ್ನು ಕೇಳಿ ಹುಡುಗಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕವಡೆ ಕೈಗೆ ತಗೊಂಡು ತಿರುಗಿಸಿ ನೋಡಿದಳು. ಒಂದು ಕಡೆ ಗುಬುಟು, ಇನ್ನೊಂದು ಕಡೆ ಚಪ್ಪಟೆ, ಹಲ್ಲಿನ ಸೀಳು. "ಚಿಕ್ಕಮ್ಮ, ಇದು ನಾಣ್ಯ ಅಲ್ಲ. ಅಂಗಾತ ಬೀಳೋದು, ಬೋರಲು ಬೀಳೋದು ಸಮಸಮ ಅಂತ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನಾನೇ ಸುಮ್ನೆ ಹಾಗೆ ಹಿಡಿದಿದ್ದೆ. ಹತ್ತಕ್ಕೆ ಆರು ಸಲ ಅಂಗಾತ ಬೀಳೋ ಕವಡೆ ಆದರೆ ಚೌಕದ ಸಾಧ್ಯತೆ ನೂರಕ್ಕೆ 13ರ ಹತ್ತಿರ ಹೋಗುತ್ತೆ, ಬಾರದ್ದು ಎರಡೂವರೆಗೆ ಇಳಿಯುತ್ತೆ. ಆ ಸಂಜೆಯ ನನ್ನ ಎಂಟರಲ್ಲಿ ಒಂದೂ ಐದರಲ್ಲಿ ಒಂದರ ಹತ್ತಿರ ಹೋಗಿಬಿಡುತ್ತೆ.

ನಾನು ಬೆಂಗಳೂರಿಗೆ ವಾಪಸ್ ಬಂದು ನಾಲ್ಕು ದಿನ ಆಯ್ತು. ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಐದೈದರ ಗೀಟುಗಳು, ಎರಡು ಸಾಲು, ಒಂದು ಸಾಲು ಇನ್ನೊಂದಕ್ಕಿಂತ ಉದ್ದ. ಅದರ ಕೆಳಗೆ ಅಕ್ಕನ ವಾಯ್ಸ್ ಮೆಸೇಜ್. "ಏನು ಹೇಳಿಕೊಟ್ಟು ಹೋದೆ ಕಣೇ ಇವಳಿಗೆ, ಮಧ್ಯಾಹ್ನದಿಂದ ಕವಡೆ ಸದ್ದು ನಿಂತಿಲ್ಲ."