ಲ್ಯಾನ್ಸ್‌ಡೌನ್ ಟೆರೇಸ್, 1:24: ಕೊನೆಗೂ ಕತ್ತಲಾಯಿತು

ನಿಜದ ಅಳತೆಯ 24ನೇ ಒಂದು ಭಾಗದಲ್ಲಿ ನಾನು ಕಟ್ಟುತ್ತಿರುವ ಪುಟ್ಟ ಮಾದರಿ ಮನೆಯಲ್ಲಿ ಎರಡು ತಿಂಗಳಿಂದ ಕಾಡುತ್ತಿದ್ದ ಬೆಳಕಿನ ಸೋರಿಕೆ ಮೊನ್ನೆ ಭಾನುವಾರ ರಾತ್ರಿ ನಿಂತಿತು. ಗೋಡೆ, ನೆಲಹಾಸು, ಪುಸ್ತಕದ ಕಪಾಟುಗಳ ಕೆಲಸದಲ್ಲಿ ನಿಮಗೆ ತಿಳಿಯದ ವಿಶೇಷವೇನೂ ಇಲ್ಲವಾದ್ದರಿಂದ ಈ ಸಲದ ಟಿಪ್ಪಣಿಯೆಲ್ಲ ಕಿಟಕಿಗೇ ಮೀಸಲು.

ಕಟ್ಟುತ್ತಿರುವುದು ಲಂಡನ್ನಿನ ಬ್ಲೂಮ್ಸ್‌ಬರಿಯ ಒಂದು ಕೋಣೆ, 1942ರ ಚಳಿಗಾಲದ ಒಂದು ಸಂಜೆ. 6, ಲ್ಯಾನ್ಸ್‌ಡೌನ್ ಟೆರೇಸ್ ಮೂಲತಃ ಕವಿ ಸ್ಟೀಫನ್ ಸ್ಪೆಂಡರ್ ವಾಸವಿದ್ದ ಮನೆ. ಸಿರಿಲ್ ಕಾನಲಿ ಸಂಪಾದಿಸುತ್ತಿದ್ದ, ಪೀಟರ್ ವಾಟ್ಸನ್ ಹಣ ಹಾಕುತ್ತಿದ್ದ ‘ಹೊರೈಜನ್’ ಮಾಸಪತ್ರಿಕೆ 1940ರ ಜನವರಿಯಲ್ಲಿ ಅಲ್ಲಿಂದಲೇ ಹೊರಟಿತು. ಅದರ ಸುತ್ತ ಇದ್ದ ಲಿಸ್ ಲಬಕ್, ಸೋನಿಯಾ ಬ್ರೌನೆಲ್, ಬಾರ್ಬರಾ ಸ್ಕೆಲ್ಟನ್ ಮೊದಲಾದ ಯುವತಿಯರಿಗೆ ಆಮೇಲೆ ‘ಕಳೆದುಹೋದ ಹುಡುಗಿಯರು’ ಎಂಬ ಹೆಸರು ಅಂಟಿಕೊಂಡಿತು. ಪತ್ರಿಕೆಯ ಕಚೇರಿಯಲ್ಲಿ ದಿನವೂ ಟೈಪ್ ಮಾಡುತ್ತಿದ್ದವರು ಕಳೆದುಹೋದದ್ದು ಯಾರ ಕಣ್ಣಿಗೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಮೇಜಿನ ಮುಂದೆ ಮೊದಲು ಕೂರಿಸಬೇಕೆಂದಿದ್ದದ್ದು ಸೋನಿಯಾಳನ್ನು. 1918ರಲ್ಲಿ ರಾಂಚಿಯಲ್ಲಿ ಹುಟ್ಟಿದವಳು, 1949ರ ಅಕ್ಟೋಬರಿನಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದ ಜಾರ್ಜ್ ಆರ್ವೆಲ್‌ನನ್ನು ಮದುವೆಯಾದವಳು ಎಂಬಷ್ಟೇ ನನ್ನ ಆಸೆಗೆ ಸಾಕಾಗಿತ್ತು. ಆದರೆ ಆಕೆ ಯುದ್ಧದ ವರ್ಷಗಳಲ್ಲಿ ಯುದ್ಧಸಾರಿಗೆ ಸಚಿವಾಲಯದ ಕೆಲಸದಲ್ಲಿದ್ದಳು. ‘ಹೊರೈಜನ್’ನಲ್ಲಿ ನೆಲೆಯೂರಿದ್ದು 1945ರಲ್ಲಿ. ಅಷ್ಟು ಹೊತ್ತಿಗೆ, ಶತ್ರು ವಿಮಾನಗಳಿಗೆ ಕಾಣದಂತೆ ಕಿಟಕಿಯಿಂದ ಬೆಳಕು ಹೊರಬೀಳಬಾರದೆಂಬ ಬ್ಲ್ಯಾಕ್‌ಔಟ್ ಕಟ್ಟಳೆಯೇ ಸಡಿಲಗೊಂಡಿತ್ತು. ನನಗೆ ಕತ್ತಲೆ ಬೇಕಾಗಿತ್ತು. ಹಾಗಾಗಿ ಕುರ್ಚಿ ಲಿಸ್‌ಗೆ ಹೋಯಿತು. ಹಿಂದೆ ನಟಿಯೂ ರೂಪದರ್ಶಿಯೂ ಆಗಿದ್ದ ಲಿಸ್ ಕಾನಲಿಯ ಜೊತೆಗೇ ಬಾಳುತ್ತ, ಪತ್ರಿಕೆಯ ಕಾಗದಪತ್ರಗಳನ್ನು ನೋಡಿಕೊಳ್ಳುತ್ತ, ಸಂಜೆ ಬಂದ ಅತಿಥಿಗಳಿಗೆ ರೇಷನ್ ಸಾಮಾನಿನಲ್ಲೇ ಊಟ ಹೊಂದಿಸುತ್ತಿದ್ದ ಹೆಂಗಸು.

ಗೊಂಬೆ ತರಿಸುವುದೇ ಒಂದು ಪ್ರಹಸನವಾಯಿತು. 1:24ರ ಅಳತೆಯಲ್ಲಿ ಹೆಣ್ಣಿನ ಗೊಂಬೆ ಎಂದರೆ ಮಾರುವವರ ಬಳಿ ಇರುವುದು ಕಾರಿನ ಬಾನೆಟ್ಟಿಗೆ ಒರಗಿ ನಿಂತವಳು, ಇಲ್ಲವೇ ತುಂಡುಡುಗೆಯಲ್ಲಿ ಕಾರು ತೊಳೆಯುವವಳು. ಕೂತು ಟೈಪ್ ಮಾಡುವ ಹೆಂಗಸು ಬೇಕೆಂದು ಬರೆದದ್ದಕ್ಕೆ ಒಬ್ಬ ಮಹಾಶಯರು ಮೂರು ವಾರ ತಡಮಾಡಿ ಸನ್‌ಗ್ಲಾಸ್ ಹಾಕಿದವಳನ್ನು ಕಳಿಸಿ, ‘ಕೂರಿಸಿಕೊಳ್ಳಬಹುದು’ ಎಂದು ಚೀಟಿ ಇಟ್ಟಿದ್ದರು. ಸೊಂಟ, ಮಂಡಿ, ಎರಡೂ ಮೊಣಕೈಗಳನ್ನು ಕತ್ತರಿಸಿ, ತಂತಿ ತೂರಿಸಿ, ಎಪಾಕ್ಸಿ ಪುಟ್ಟಿಯಲ್ಲಿ ಕಾರ್ಡಿಗನ್ ತೊಡಿಸಿದ ಮೇಲೆ ಕೂತಳು. ಕಸದ ಬುಟ್ಟಿಯ ಸುತ್ತ ನಾನು ಚೆಲ್ಲಿದ್ದ ಕಾಗದದ ಉಂಡೆಗಳನ್ನೂ ಆಗಲೇ ತೆಗೆದೆ. 1940ರಿಂದ ಕಾಗದಕ್ಕೂ ರೇಷನ್ ಬಂದಿದ್ದ ಊರಿನಲ್ಲಿ ಒಳ್ಳೆಯ ಹಾಳೆಯನ್ನು ಮುದುಡಿ ಎಸೆಯುವುದು ಸಿನಿಮಾದವರ ಕಲ್ಪನೆಯೇ ಸರಿ.

ಇನ್ನು ಬೆಳಕು. ಮೇಜುದೀಪಕ್ಕೆ 2700 ಕೆಲ್ವಿನ್‌ನ, ಅಂದರೆ ಹಳೆಯ ಬಲ್ಬಿನಂಥ ಹಳದಿ ಬೆಳಕಿನ, ಎಲ್‌ಇಡಿ ಬೇಕೆಂದು ಎಸ್.ಪಿ. ರಸ್ತೆಯಲ್ಲಿ ಕೇಳಿ, ಕೇಳಿದ್ದನ್ನೇ ಬರೆದಿದ್ದ ಪೊಟ್ಟಣ ತಂದು ಹಚ್ಚಿದರೆ ಮೀನಿನ ಅಂಗಡಿಯ ಟ್ಯೂಬ್‌ಲೈಟಿನಂಥ ನೀಲಿ ಬಿಳುಪು. ಅದಕ್ಕೆ ಕಿತ್ತಳೆ ಬಣ್ಣ ಸವರಿ, 2.2 ಕಿಲೋಓಮ್ ರೆಸಿಸ್ಟರ್ ಹಾಕಿ ಮಂದಗೊಳಿಸಿದೆ. ಆದರೂ ಕೋಣೆಯ ದೀಪವಾರಿಸಿ ನೋಡಿದಾಗ ಇಡೀ ಫೋಮ್‌ಬೋರ್ಡ್ ಮನೆ ದೀಪಾವಳಿಯ ಆಕಾಶಬುಟ್ಟಿಯಂತೆ ಹೊಳೆಯುತ್ತಿತ್ತು. ಗೋಡೆಯೊಳಗೆ ಕಪ್ಪು ಬಳಿಯದೆ ಕಾಗದ ಅಂಟಿಸಿದ್ದು ನನ್ನದೇ ತಪ್ಪು. ಎಲ್ಲವನ್ನೂ ಕಿತ್ತು ಬಳಿದ ಮೇಲೆ ಗೋಡೆ ಸುಮ್ಮನಾಯಿತು, ಪರದೆ ಮಾತ್ರ ಹಟ ಬಿಡಲಿಲ್ಲ.

ಚಿಕ್ಕಪೇಟೆಯಿಂದ ತಂದ ಕಪ್ಪು ಹತ್ತಿಬಟ್ಟೆ ಈ ಅಳತೆಯಲ್ಲಿ ಕಂಬಳಿಯಂತೆ ಸೆಟೆದು ನಿಂತಿತು. ಕೊಡೆಯ ಬಟ್ಟೆ ಹೊಳೆಯುತ್ತದೆ. ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಮತ್ತು ಕಪ್ಪು ಅಕ್ರಿಲಿಕ್ ಹಚ್ಚಿ ಒಣಗಿಸಿದರೆ, ಮಡಿಕೆ ಹಾಕಿದಲ್ಲೆಲ್ಲ ಸೂಜಿಮೊನೆಯಷ್ಟು ರಂಧ್ರಗಳು ಮೂಡಿ ಕಿಟಕಿಯಲ್ಲಿ ನಕ್ಷತ್ರಲೋಕ ತೆರೆದುಕೊಂಡಿತು. ಎರಡು ಟಿಶ್ಯೂ ಪದರಗಳ ನಡುವೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಇಟ್ಟು ಅಂಟಿಸಿದಾಗ ಬಟ್ಟೆಯ ಸಮಸ್ಯೆ ಮುಗಿಯಿತು. ಬೆಳಕು ದಾಟುವುದಿಲ್ಲ, ಮಡಿಕೆಯೂ ಹೇಳಿದಲ್ಲಿ ನಿಲ್ಲುತ್ತದೆ. ಆದರೂ ಕಿಟಕಿಯ ಸುತ್ತ ಚಿನ್ನದ ಜರಿಯಂಚಿನಂತೆ ಒಂದು ಗೆರೆ ಉಳಿದೇ ಉಳಿಯಿತು.

ಆ ಗೆರೆಯನ್ನು ಬಗೆಹರಿಸಿದವರು ನನ್ನ ಸೋದರಮಾವ. 1971ರ ಯುದ್ಧದ ಹೊತ್ತಿನಲ್ಲಿ ಪಠಾಣ್‌ಕೋಟ್‌ನಲ್ಲಿದ್ದ ಅವರು ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿ, “ಬಟ್ಟೆಗೆ ಯಾಕೆ ಬೈತೀಯ ಮಗಳೇ, ಬೆಳಕು ಯಾವಾಗಲೂ ಅಂಚಿನಿಂದ ಓಡಿಹೋಗೋದು. ನಾವು ಕಂಬಳೀನ ಚೌಕಟ್ಟಿನ ಮೇಲೆ ಮಡಿಸಿ ಮೊಳೆ ಹೊಡೀತಿದ್ವಿ” ಎಂದರು. ಲೆಕ್ಕ ಹಾಕಿದೆ: ನನ್ನ ಅರ್ಧ ಮಿಲಿಮೀಟರ್ ಸಂದು ನಿಜದ ಮನೆಯಲ್ಲಿ 12 ಮಿಲಿಮೀಟರ್ ಆಗುತ್ತದೆ, ವಾಯುದಾಳಿ ವಾರ್ಡನ್ ಬಾಗಿಲು ಬಡಿಯಲು ಅಷ್ಟು ಧಾರಾಳ. ಲಂಡನ್ನಿನ ಮನೆಗಳಲ್ಲೂ ಎಷ್ಟೋ ಜನ ಮರದ ಪಟ್ಟಿಗಳಿಗೆ ಕಪ್ಪು ಕಾಗದ ಬಿಗಿದು ಕಿಟಕಿಯ ಗೂಡಿನೊಳಗೆ ಕೂರಿಸುತ್ತಿದ್ದದ್ದು ಇದಕ್ಕೇ ಇರಬೇಕು. ಐಸ್‌ಕ್ರೀಮ್ ಕಡ್ಡಿ ಸೀಳಿ, ಚೌಕಟ್ಟಿನ ಒಳಬದಿಯಲ್ಲಿ ಮೆಟ್ಟಿಲಿನಂತೆ ಎರಡು ಹಂತದ ತೋಡು ಕಟ್ಟಿ, ಪರದೆಯ ಅಂಚನ್ನು ಅದರೊಳಗೆ ತುರುಕಿದೆ. ಹೊರಬರಬೇಕಾದ ಬೆಳಕು ಈಗ ಎರಡು ಸಲ ಹೊರಳಬೇಕು. ಅದಕ್ಕೆ ಅಷ್ಟು ಉತ್ಸಾಹವಿಲ್ಲ.

ರಾತ್ರಿ ಹತ್ತಕ್ಕೆ ಬೀದಿಯ ಬದಿಯಿಂದ ನೋಡಿದರೆ ಅಚ್ಚಗಪ್ಪು ಮನೆ. ಅಮ್ಮ ಎರಡು ನಿಮಿಷ ನಿಂತು ನೋಡಿ, “ಇಷ್ಟು ದುಡ್ಡು ಸುರಿದು ಕತ್ತಲೆ ಕಟ್ಟಿಸಿಕೊಂಡೆಯೇನೇ?” ಎಂದು ಮಲಗಲು ಹೋದಳು. ಹಿಂದಿನ ಗೋಡೆಯನ್ನು ಗಾಜಿನದಾಗಿ ಮಾಡಿರುವುದರಿಂದ ನೋಡುವವರು ಕತ್ತಲ ಬೀದಿಯನ್ನು ಬಳಸಿಕೊಂಡು ಆ ಬದಿಗೆ ಬರಬೇಕು. ಬಂದವರಿಗೆ ಕಾನಲಿಯ ಖಾಲಿ ಆರಾಮಕುರ್ಚಿ ನೆರಳಿನಲ್ಲಿಯೂ ದೀಪ ಲಿಸ್‌ಳ ಕೈಗಳ ಮೇಲೆಯೂ ಇರುವುದು ಕಾಣುತ್ತದೆ.

ಸ್ಕೆಲ್ಟನ್ ವಿಷಯ ಮರೆತಿಲ್ಲ, ಮುಂದಿನ ಮಾದರಿ ಆಕೆಯದೇ. ಕೈರೋದ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಆಕೆ ಸಂಕೇತಲಿಪಿಯ ಗುಮಾಸ್ತೆಯಾಗಿದ್ದಳು. ಆಕೆಯ ಬಗ್ಗೆ ಬರೆಯುವವರು ನೇರ ಈಜಿಪ್ಟಿನ ದೊರೆ ಫಾರೂಕ್‌ನ ಜೊತೆಗಿನ ಪ್ರಣಯದ ಕಡೆಗೆ ಓಡುತ್ತಾರೆ. ನನಗೆ ಬೇಕಾದದ್ದು ಆ ಮೇಜು, ಸೆಕೆ ಮತ್ತು ತಿರುಗುವ ಫ್ಯಾನು. ಆಟಿಕೆ ಡ್ರೋನಿನ ಮೋಟಾರು ಈಗಾಗಲೇ ಡಬ್ಬಿಯಲ್ಲಿದೆ, ಆದರೆ ಅದು ಫ್ಯಾನನ್ನು ಹೆಲಿಕಾಪ್ಟರ್ ಮಾಡುತ್ತಿದೆ. ವೇಗ ಇಳಿಸುವ ಗಿಯರು ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಅದಕ್ಕೆ ಮುನ್ನ ಲಿಸ್‌ಳ ಪೆನ್ಸಿಲ್ ಆಗಬೇಕು. ನಿಜದ ಪೆನ್ಸಿಲ್ಲಿನ ದಪ್ಪ ಇಲ್ಲಿ 0.3 ಮಿಲಿಮೀಟರ್ ಆಗುತ್ತದೆ. ಹಿಡಿಸೂಡಿಯ ಕಡ್ಡಿ ಒನಕೆಯಂತೆ ಕಂಡಿತು. ವೈರಿನ ತಾಮ್ರದ ಎಳೆ ಬಾಗಿತು. ಸದ್ಯ ಹಳೆಯ ಟೂತ್‌ಬ್ರಷ್ಷಿನ ಒಂದು ಎಳೆಗೆ ಬಣ್ಣ ಬಳಿದು ಒಣಗಲು ಇಟ್ಟಿದ್ದೇನೆ.