ಭೀಷ್ಮ ಕೆರೆಯಿಂದ ಅಂಕೋರ್‌ವಾಟ್‌ಗೆ

ಅಪ್ಪನ ಎಡ ಮೊಣಕಾಲು ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದರ ಮೇಲೆ ನಮ್ಮ ಕಾಂಬೋಡಿಯಾ ಪ್ರವಾಸದ ಲೆಕ್ಕವೆಲ್ಲ ನಿಂತಿದೆ. ಡಿಸೆಂಬರ್ ಮೊದಲ ವಾರ ಹೊರಡುವುದು ಅಂತ ನಿಶ್ಚಯ ಮಾಡಿದ್ದೇವೆ. ಆಗ ಅಲ್ಲಿ ಮಳೆ ಮುಗಿದಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಅಪ್ಪನಿಗೆ ಈಗ 71. ಗದಗ ತಾಲೂಕಿನ ಶಾಲೆಗಳಲ್ಲಿ 34 ವರ್ಷ ಕನ್ನಡ ಮಾಸ್ತರಾಗಿದ್ದವರು. ಪಾಸ್‌ಪೋರ್ಟ್ ಮಾಡಿಸಿದ್ದೇ ಹೋದ ವರ್ಷ.

ಶುರುವಾದದ್ದು ಒಂದು ಫೋಟೋದಿಂದ. ಹುಬ್ಬಳ್ಳಿಯಿಂದ ಸಂಜೆ ರೈಲಿನಲ್ಲಿ ಬರುವಾಗ ಮೊಬೈಲಿನಲ್ಲಿ ಕಾಂಬೋಡಿಯಾದ ಅಂಕೋರ್‌ವಾಟ್ ಗುಡಿಯ ಪಶ್ಚಿಮದ ಗೋಡೆ ಕಣ್ಣಿಗೆ ಬಿತ್ತು. ಕುರುಕ್ಷೇತ್ರ ಯುದ್ಧದ ಉಬ್ಬುಶಿಲ್ಪ, 50 ಮೀಟರಿಗೆ ಹತ್ತಿರ ಉದ್ದ. ಎಡಗಡೆಯಿಂದ ಕೌರವರು, ಬಲಗಡೆಯಿಂದ ಪಾಂಡವರು, ನಡುವೆ ಕೈಕೈ ಮಿಲಾಯಿಸಿದ ಕಾಳಗ. ಮನೆಗೆ ಬಂದು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡುತ್ತ ಹೋದವರು ಒಂದು ಕಡೆ ನಿಂತರು.

"ಇಲ್ಲಿ ನೋಡವಾ, ಬಾಣದ ಮ್ಯಾಲೆ ಮಲಗ್ಯಾನಲ್ಲ, ಇವ ಭೀಷ್ಮ."

ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಊಟಕ್ಕೆ ಕೂತಾಗ, "ಅಷ್ಟ್ ದೂರ ಈ ಕಥಿ ಯಾರ್ ಒಯ್ದಿರಬೇಕು?" ಅಂದರು.

ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಊರು ನಮ್ಮದು. ಅದೇ ಗುಡಿಯಲ್ಲಿ ಅಪ್ಪ ಭೀಷ್ಮಪರ್ವ ಓದುವುದನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಆ ಕಾಂಬೋಡಿಯಾದ ಗೋಡೆ ಕುಮಾರವ್ಯಾಸನಿಗಿಂತ ಸುಮಾರು 300 ವರ್ಷ ಹಳೆಯದು. ಆ ರಾತ್ರಿಯೇ ನಿರ್ಧಾರ ಮಾಡಿದೆ, ಅಪ್ಪನನ್ನು ಆ ಗೋಡೆಯ ಮುಂದೆ ನಿಲ್ಲಿಸಬೇಕು ಅಂತ.

ಹುಬ್ಬಳ್ಳಿಯ ಒಂದು ಟ್ರಾವೆಲ್ಸ್‌ನವರ ಹತ್ತಿರ ಹೋಗಿ ಕೇಳಿದೆ. ಐದು ದಿನಕ್ಕೆ ಎರಡು ದೇಶ ಬರೆದುಕೊಟ್ಟರು, ಅದರಲ್ಲಿ ಅಂಕೋರಿಗೆ, ಅಂದರೆ ಅಂಕೋರ್‌ವಾಟ್ ಮತ್ತು ಸುತ್ತಲಿನ ಗುಡಿಗಳಿಗೆಲ್ಲ ಸೇರಿ, ಅರ್ಧ ದಿನ. ಸಾಲುವುದಿಲ್ಲ ಅಂದಿದ್ದಕ್ಕೆ, "ಮೇಡಂ, ಗುಡಿ ಎಲ್ಲಾ ಒಂದ ಥರಾ ಇರ್ತಾವ್ರೀ" ಅಂದರು. ಆ ಮಾತು ಮನಸ್ಸಿಗೆ ಚುಚ್ಚಿತು. ಮನೆಗೆ ಬಂದು ನಾನೇ ನೋಟ್‌ಬುಕ್ ಹಿಡಿದು ಕೂತೆ.

ಮೊದಲು ಮಾಡಿದ ಕೆಲಸ ಅಂದರೆ, ಒಂದು ಭಾನುವಾರ ಅಪ್ಪನನ್ನು ಲಕ್ಕುಂಡಿಗೆ ಕರೆದುಕೊಂಡು ಹೋದದ್ದು. ಎಷ್ಟು ಹೊತ್ತು ನಿಲ್ಲಬಲ್ಲರು ಅಂತ ನೋಡಬೇಕಿತ್ತು. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಮುಂದೆ ಅಪ್ಪ ನಿಂತೇ ನಿಂತರು. ನಮ್ಮ ಕಡೆಯ ಬಳಪದ ಕಲ್ಲು ಕೆತ್ತುವಾಗ ಮೆದು, ಆಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಲ್ಲಿ ಉಳಿ ಒಳಗೆ ಒಳಗೆ ಹೋಗಿದೆ, ಒಂದೊಂದು ಬಳ್ಳಿಯ ಹಿಂದೆಯೂ ನೆರಳು ಕೂತಿದೆ. ಅಂಕೋರ್‌ವಾಟ್‌ನದು ಮರಳುಗಲ್ಲು. ಅಲ್ಲಿ ಕೆತ್ತನೆ ಅಷ್ಟು ಆಳವಿಲ್ಲ, ತೆಳುವಾಗಿ ಗೋಡೆಯುದ್ದಕ್ಕೂ ಹರಡಿಕೊಂಡು ಹೋಗುತ್ತದೆ, ಒಂದು ಸೈನ್ಯಕ್ಕೆ ಬೇಕಾದಷ್ಟು ಜಾಗ ಹಿಡಿದು. ಒಂದೇ ಥರ ಹೇಗಾದೀತು?

ಅವತ್ತು ಅಪ್ಪ ನಿಂತದ್ದು 40 ನಿಮಿಷ. ಆಮೇಲೆ ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡರು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ಬರೆದೆ: 40 ನಿಮಿಷ, ಆಮೇಲೆ ಕೂಡಲು ಜಾಗ.

ಮುಂದಿನ ವಾರ ಇಟಗಿಗೆ ಹೋದೆವು. ಕೊಪ್ಪಳ ಜಿಲ್ಲೆಯಾದರೂ ನಮಗೆ ಮಗ್ಗುಲಲ್ಲೇ. ಅಲ್ಲಿಯ ಮಹಾದೇವ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದ ಶಾಸನ 1112ರದು. ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಂಕೋರ್‌ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಇಟಗಿಯ ಕಲ್ಲಿನ ಮೇಲೆ ಅಕ್ಷರ ಮೂಡಿದ ಮರುವರ್ಷ! ಇದನ್ನು ಹೇಳಿದಾಗ ಅಪ್ಪ ಆ ಕಲ್ಲಿನ ಹತ್ತಿರ ಹೋಗಿ ಮತ್ತೊಮ್ಮೆ ನಿಂತರು.

ಅಂಕೋರಿನ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದನ್ನು ಹತ್ತು ದಿನದೊಳಗೆ ಬೇಕಾದಾಗ ಬಳಸಬಹುದು, ಸಾಲಾಗಿ ಹೋಗಬೇಕಿಲ್ಲ. ನಮಗೆ ಬೇಕಾದದ್ದೂ ಇದೇ. ಒಂದು ದಿನ ಗುಡಿ, ಒಂದು ದಿನ ಮೊಣಕಾಲಿಗೆ ರಜೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಒಂದು ದಿನದ ಟಿಕೆಟ್ ತೆಗೆಸಬೇಡಿ.

ಮೊದಲ ದಿನ ಭೀಷ್ಮನ ಗೋಡೆ, ಆಮೇಲೆ ಪೂರ್ವದ ಕಡೆಯ ಸಮುದ್ರಮಥನ, ಅಷ್ಟೇ. ಎರಡನೆಯದು ಬಾಂತೇ ಸ್ರೇ. 967ರ ಸಣ್ಣ ಗುಡಿ, ಗುಲಾಬಿ ಬಣ್ಣದ ಕಲ್ಲು, ಹೆಚ್ಚು ಹತ್ತಿ ಇಳಿಯುವುದಿಲ್ಲ. ಕಟ್ಟಿಸಿದವನು ರಾಜನಲ್ಲ, ಯಜ್ಞವರಾಹ ಅನ್ನುವ ರಾಜಗುರು. ಮಾಸ್ತರೊಬ್ಬರ ಗುಡಿ ಅಂತ ಅಪ್ಪನಿಗೆ ಅದರ ಮೇಲೆ ವಿಶೇಷ ಪ್ರೀತಿ ಹುಟ್ಟಿದೆ. ಮೂರನೆಯದು ತಾ ಪ್ರೋಮ್, ಮರದ ಬೇರುಗಳು ಗೋಡೆಯನ್ನೇ ಅಪ್ಪಿಕೊಂಡಿರುವ ಗುಡಿ. ಅದರ ಜೀರ್ಣೋದ್ಧಾರಕ್ಕೆ ಕೈಜೋಡಿಸಿದವರು ಲಕ್ಕುಂಡಿಯ ಗುಡಿಗಳನ್ನು ನೋಡಿಕೊಳ್ಳುವ ನಮ್ಮ ಪುರಾತತ್ವ ಇಲಾಖೆಯವರೇ. 1986ರಿಂದ 1993ರವರೆಗೆ ಅಂಕೋರ್‌ವಾಟ್‌ನಲ್ಲೂ ಅವರು ಕೆಲಸ ಮಾಡಿದ್ದಾರೆ.

ಉಳಿದದ್ದು ಸಣ್ಣಪುಟ್ಟ ತಯಾರಿ. ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. ಡಾಲರ್ ನೋಟು ಹರಿದಿದ್ದರೆ ಅಲ್ಲಿ ಮುಟ್ಟುವುದಿಲ್ಲವಂತೆ, ಹೊಸವನ್ನೇ ಕೇಳಿ ತೆಗೆದುಕೊಳ್ಳಬೇಕು. ಗುಡಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಅಪ್ಪನ ಧೋತರ ಅಂಗಿಗೆ ತಕರಾರಿಲ್ಲ. ಅಲ್ಲಿ ಪಲ್ಯಕ್ಕೂ ಮೀನಿನ ಸಾಸ್ ಹಾಕುವುದರಿಂದ ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಡುತ್ತಾಳೆ.

ಅಂಕೋರ್‌ವಾಟ್‌ನ ನಡುವಿನ ಶಿಖರದ ಮೆಟ್ಟಿಲು ಬಲು ಕಡಿದು. ಅದನ್ನು ನಾನೂ ಹತ್ತುವುದಿಲ್ಲ ಅಂದೆ. ಅಪ್ಪ ಒಪ್ಪಲಿಲ್ಲ.

"ನೀ ಹತ್ತಿ ನೋಡ್ಕೊಂಡು ಬಂದು ಹೇಳವಾ. ನಾ ಕೆಳಗ ಭೀಷ್ಮನ ಹಂತೇಕ ಕುಂತಿರ್ತೀನಿ."

ಆ ಗೋಡೆ ಮುಟ್ಟಬೇಕಾದರೆ 190 ಮೀಟರ್ ಅಗಲದ ಕಂದಕ ದಾಟಿ, ಒಳಗೆ ಮತ್ತೆ ಸುಮಾರು 350 ಮೀಟರ್ ನಡೆಯಬೇಕು. ಅದಕ್ಕಾಗಿ ಈಗ ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಗದಗಿನ ಭೀಷ್ಮ ಕೆರೆಯ ದಂಡೆಗೆ ಹೋಗುತ್ತೇವೆ. ಹೋದ ತಿಂಗಳು 200 ಮೀಟರಿಗೆ ಕೂಡುತ್ತಿದ್ದರು. ನಿನ್ನೆ ಬಸವಣ್ಣನ ಮೂರ್ತಿ ಕಾಣುವ ತಿರುವಿನ ತನಕ, 450 ಮೀಟರ್, ಎಲ್ಲೂ ಕೂಡದೆ ಬಂದರು.