ಏಳನೇ ಇಯತ್ತೆಯವರ ಕೈಗೆ ಅಳತೆಯ ಟೇಪು

ಊರು ಕಟ್ಟುವ ಕೆಲಸಗಳ ಕುರಿತು ಮಕ್ಕಳೊಂದಿಗೆ ಮಾತನಾಡಿ ಎಂದು ಹುಬ್ಬಳ್ಳಿ-ಧಾರವಾಡದ ಶಾಲೆಗಳಿಂದ ನನಗೆ ಆಗಾಗ ಕರೆ ಬರುತ್ತದೆ. ಆರರಿಂದ ಎಂಟನೇ ಇಯತ್ತೆಯ ಮಕ್ಕಳು; ಮುಂದೇನಾಗಬೇಕೆಂಬ ಪ್ರಶ್ನೆ ಅವರನ್ನು ಇನ್ನೂ ಕಾಡತೊಡಗಿಲ್ಲ, ಆದರೆ ಮನೆಯ ಹಿರಿಯರನ್ನು ಆಗಲೇ ಕಾಡುತ್ತಿರುತ್ತದೆ. ನಾನು ಕಟ್ಟಡ ವಿನ್ಯಾಸದ ಸಣ್ಣ ಕಚೇರಿಯೊಂದನ್ನು ನಡೆಸುವವಳೇ ಹೊರತು ಶಿಕ್ಷಕಿಯಲ್ಲ. ಆದರೂ ಈ ವಿಷಯದಲ್ಲಿ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ: ಈ ವಯಸ್ಸಿನವರಿಗೆ ಹುದ್ದೆಗಳ ಪಟ್ಟಿ ಓದಿ ಹೇಳುವ ಮೊದಲು ಅವರ ಓಣಿಯ ಗಟಾರವನ್ನು ತೋರಿಸಬೇಕು.

‘ನಗರವನ್ನು ಯಾರು ಕಟ್ಟುತ್ತಾರೆ?’ ಎಂದು ಕೇಳಿದರೆ ಮೊದಲು ಬರುವ ಉತ್ತರ ‘ಎಂಜಿನಿಯರ್’. ಸ್ವಲ್ಪ ತಡೆದು ಬರುವ ಎರಡನೆಯ ಉತ್ತರ ‘ಸರ್ಕಾರ’. ತಂದೆ ಗವಂಡಿಯಾಗಿರುವ, ಅಣ್ಣ ಸೆಂಟ್ರಿಂಗ್ ಕೆಲಸಕ್ಕೆ ಹೋಗುವ, ಕಾಕಾ ಪ್ಲಂಬರ್ ಆಗಿರುವ ಮಕ್ಕಳು ಅದೇ ತರಗತಿಯಲ್ಲಿ ಕುಳಿತಿರುತ್ತಾರೆ. ಅವರೂ ‘ಎಂಜಿನಿಯರ್’ ಎಂದೇ ಹೇಳುತ್ತಾರೆ. ತಮ್ಮ ಮನೆಯವರು ಕಟ್ಟಿದ್ದು ಕಟ್ಟಿದ್ದಲ್ಲವೆಂಬಂತೆ ಆ ಮಕ್ಕಳು ಸುಮ್ಮನಿರುವುದನ್ನು ಕಂಡಾಗಲೆಲ್ಲ, ವೃತ್ತಿಗಳ ಬಗ್ಗೆ ನಾವು ಮಾಡುವ ಭಾಷಣಗಳು ಎಲ್ಲಿ ತಪ್ಪುತ್ತವೆಂಬುದು ನನಗೆ ಸ್ಪಷ್ಟವಾಗುತ್ತದೆ.

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ‘ಭವಿಷ್ಯದ ನಗರ’ ಎಂಬ ಥರ್ಮಾಕೋಲ್ ಮಾದರಿ ಇದ್ದೇ ಇರುತ್ತದೆ. ಎತ್ತರದ ಗೋಪುರಗಳು, ಬ್ಯಾಟರಿಯಿಂದ ಮಿನುಗುವ ಬಲ್ಬುಗಳು, ಹಸಿರು ಬಣ್ಣದ ಸ್ಪಂಜಿನ ಮರಗಳು. ಗಟಾರ ಎಲ್ಲಿ, ಕಾಯಿಪಲ್ಲೆ ಮಾರುವವರು ಎಲ್ಲಿ ಕೂಡುತ್ತಾರೆ, ಕಸದ ಗಾಡಿ ಎಲ್ಲಿ ತಿರುಗುತ್ತದೆ ಎಂದು ಕೇಳಿದರೆ ಮಾದರಿ ಮಾಡಿದವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಮಾದರಿ ಮಾಡುವುದೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ನಡೆಯುತ್ತಿರುವ ‘ಫ್ಯೂಚರ್ ಸಿಟಿ’ ಸ್ಪರ್ಧೆಯೂ ಇದೇ ವಯೋಮಾನದ ಮಕ್ಕಳಿಗಾಗಿಯೇ ಇದೆ. ಅಲ್ಲಿ ಬಳಸಿ ಬಿಟ್ಟ ವಸ್ತುಗಳಿಂದಲೇ ಮಾದರಿ ಕಟ್ಟಬೇಕು, ಅದರಲ್ಲಿ ಚಲಿಸುವ ಭಾಗವೊಂದಿರಬೇಕು, ಜೊತೆಗೆ ಆ ನಗರ ಹೇಗೆ ನಡೆಯುತ್ತದೆಂದು ಪ್ರಬಂಧ ಬರೆದು ವಿವರಿಸಬೇಕು. ನಮ್ಮ ಪ್ರದರ್ಶನಗಳಲ್ಲಿ ಬಿಟ್ಟುಹೋಗುವುದು ಈ ಕೊನೆಯ ಭಾಗವೇ.

ಇನ್ನೂ ಹಳೆಯ ನಿದರ್ಶನವೊಂದಿದೆ. ಶಿಕಾಗೋ ನಗರಕ್ಕಾಗಿ ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಎಡ್ವರ್ಡ್ ಬೆನೆಟ್ ಅವರು 1909ರಲ್ಲಿ ಬೃಹತ್ ಯೋಜನೆಯೊಂದನ್ನು ಸಿದ್ಧಪಡಿಸಿದಾಗ, ಅದರ ಪ್ರಚಾರಕರು ಎರಡೇ ವರ್ಷಗಳಲ್ಲಿ ಅದನ್ನು ಎಂಟನೇ ತರಗತಿಯ ಪಠ್ಯವನ್ನಾಗಿ ಮಾಡಿ ಅಲ್ಲಿನ ಸಾರ್ವಜನಿಕ ಶಾಲೆಗಳಿಗೆ ಕೊಟ್ಟರು. ಮಕ್ಕಳು ಮನೆಗೆ ಹೋಗಿ ತಂದೆತಾಯಿಗೆ ಹೇಳುತ್ತಾರೆ, ಮುಂದೆ ತಾವೇ ಮತ ಹಾಕುವವರಾಗುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಉದ್ದೇಶದಲ್ಲಿ ಪ್ರಚಾರದ ಪಾಲೇ ಹೆಚ್ಚಿತ್ತೆಂಬುದು ನಿಜವಾದರೂ, ಹದಿಮೂರು ವರ್ಷದ ಹುಡುಗನಿಗೆ ತನ್ನ ಊರಿನ ನಕ್ಷೆ ತಿಳಿಯುತ್ತದೆಂದು ನಂಬಿದವರು ನೂರು ವರ್ಷಗಳ ಹಿಂದೆಯೇ ಇದ್ದರಲ್ಲ ಎಂಬುದು ನನಗೆ ಸಮಾಧಾನದ ಸಂಗತಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯುವ ಅವಕಾಶವಿರಬೇಕೆಂದು ಹೇಳಿತು. ಬಡಿಗರು, ತೋಟಗಾರರು, ಕುಂಬಾರರು ಎಂಬ ಉದಾಹರಣೆಗಳೂ ಅದರಲ್ಲಿವೆ. ಅಂಥ ದಿನಗಳು ಸಿಕ್ಕಲ್ಲಿ ಹಾಡು, ಆಟ, ಚಿತ್ರಕಲೆಗಳ ಜೊತೆಗೆ ಎರಡು ತಾಸನ್ನು ಓಣಿಗೂ ಕೊಡಿ ಎಂದು ನಾನು ಮುಖ್ಯ ಗುರುಗಳನ್ನು ಕೇಳಿಕೊಳ್ಳುತ್ತೇನೆ. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಉದ್ದದೊಂದು ಅಳತೆ ಟೇಪು, ಗವಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು, ಸುಣ್ಣದ ಕಡ್ಡಿ, ಚೌಕುಳಿ ಹಾಳೆ.

ಈ ಲೆವೆಲ್ ಪೈಪಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮಕ್ಕಳ ಮುಖ ಅರಳುವುದು ಇಲ್ಲಿಯೇ. ಪೈಪಿಗೆ ನೀರು ತುಂಬಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಂಡು, ಒಂದು ತುದಿಯನ್ನು ಗಟಾರದ ಮೇಲ್ಭಾಗದಲ್ಲಿರುವ ಗೋಡೆಗೂ ಇನ್ನೊಂದನ್ನು ಹತ್ತು ಮೀಟರ್ ಕೆಳಗಿನ ಗೋಡೆಗೂ ಹಿಡಿದರೆ, ನಡುವೆ ಪೈಪು ಹೇಗೆ ಬಾಗಿದ್ದರೂ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದು, ಗೆರೆಯಿಂದ ಗಟಾರದ ತಳದವರೆಗೆ ಎರಡೂ ಕಡೆ ಅಳೆದರೆ, ಎರಡು ಅಳತೆಗಳ ವ್ಯತ್ಯಾಸವೇ ಇಳಿಜಾರು. ನೂರಕ್ಕೆ ಒಂದರ ಇಳಿಜಾರಿದ್ದರೆ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬರಬೇಕು. ಧಾರವಾಡದ ಹಳೆಯ ಬಡಾವಣೆಯೊಂದರಲ್ಲಿ ಹೀಗೆ ಅಳೆದಾಗ ಮೊದಲ ತುಂಡಿನಲ್ಲಿ ವ್ಯತ್ಯಾಸ ಸರಿಯಾಗಿಯೇ ಬಂತು. ಅದರ ಮುಂದಿನ ತುಂಡಿನಲ್ಲಿ ಅಳತೆ ತಿರುವುಮುರುವಾಗಿ, ಗಟಾರದ ತಳವು ಕೆಳಗಿಳಿಯುವ ಬದಲು ಮೇಲೇರಿತ್ತು. ಕೊಳಚೆ ನಿಂತಿದ್ದೂ ಸೊಳ್ಳೆ ಕವಿದಿದ್ದೂ ಸರಿಯಾಗಿ ಅದೇ ಜಾಗದಲ್ಲಿ. ‘ಮೇಡಂ, ಇದನ್ನ ಹಿಂಗ್ಯಾಕ ಮಾಡ್ಯಾರ್ರೀ?’ ಎಂದು ಏಳನೇ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು. ನನ್ನ ಮಟ್ಟಿಗೆ ವೃತ್ತಿ ಪರಿಚಯವು ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಏಕೆಂದರೆ ಆ ಪ್ರಶ್ನೆಗೆ ಒಬ್ಬರ ಹೆಸರು ಹೇಳಿ ಉತ್ತರಿಸಲಾಗದು. ಮಟ್ಟ ತೆಗೆದ ಸರ್ವೇಯರ್, ನೀರು ಯಾವ ದಿಕ್ಕಿಗೆ ಹೋಗಬೇಕೆಂದು ಬಡಾವಣೆಯ ನಕ್ಷೆಯಲ್ಲಿ ತೀರ್ಮಾನಿಸಿದ ನಗರ ಯೋಜಕರು, ಎಷ್ಟು ಮಳೆಗೆ ಎಷ್ಟು ಅಗಲವೆಂದು ಲೆಕ್ಕ ಹಾಕಿದ ಎಂಜಿನಿಯರ್, ಅದನ್ನು ಹಾಳೆಗಿಳಿಸಿದ ಡ್ರಾಫ್ಟ್ಸ್‌ಮನ್, ಖರ್ಚಿನ ಅಂದಾಜು ಬರೆದವರು, ಗುತ್ತಿಗೆದಾರರು, ದಾರ ಕಟ್ಟಿ ತಳ ಹಾಕಿದ ಗವಂಡಿ, ಆಮೇಲೆ ಅದನ್ನು ಅಗೆದು ಪೈಪು ಹಾಯಿಸಿದ ಇನ್ನಾರೋ, ಈಗ ದಿನವೂ ಅದರ ಮುಂದೆ ನಿಲ್ಲುವ ಪೌರಕಾರ್ಮಿಕರು. ಇವರೆಲ್ಲರ ಕೆಲಸ ಆ ಹತ್ತು ಮೀಟರಿನಲ್ಲಿದೆ. ಗವಂಡಿಯೊಬ್ಬರನ್ನು ನಾವು ಜೊತೆಗೆ ಕರೆದೊಯ್ದಿದ್ದೆವು. ಅವರು ಒಳಂಬವನ್ನು, ಅಂದರೆ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು, ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವುದನ್ನು ತೋರಿಸಿದಾಗ ಮಕ್ಕಳು ‘ಕಾಕಾ, ನಮಗೂ ಕೊಡ್ರೀ’ ಎಂದು ಮುಗಿಬಿದ್ದರು. ಆ ಗಂಟೆಯಲ್ಲಿ ಅವರು ಕಲಿಸಿದಷ್ಟನ್ನು ನನ್ನ ಲ್ಯಾಪ್‌ಟಾಪಿನ ಚಿತ್ರಗಳು ಕಲಿಸಲಾರವು.

ನಮ್ಮ ಅವಳಿ ನಗರವು ಇಂಥ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಮಣ್ಣೇ ಬದಲಾಗುತ್ತದೆ: ಧಾರವಾಡದ ಕಡೆ ಮಲೆನಾಡಿನ ಅಂಚಿನ ಕೆಂಪು ಮಣ್ಣು, ಹುಬ್ಬಳ್ಳಿ ದಾಟಿ ನವಲಗುಂದದತ್ತ ಹೊರಟರೆ ಅಪ್ಪಟ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆಂಬುದು ಒಕ್ಕಲುತನದ ಮನೆಯ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳನ್ನು ಅದು ಕಂಡಿರುತ್ತದೆ. ಅದೇ ಮಣ್ಣಿನ ಮೇಲೆ ತಕ್ಕ ಬುನಾದಿಯಿಲ್ಲದೆ ಗೋಡೆ ಕಟ್ಟಿದರೆ ಗೋಡೆಯೂ ಬಿರಿಯುತ್ತದೆಂದು ಹೇಳಿದಾಗ, ತಮ್ಮ ಮನೆಯ ಗೋಡೆಯ ಓರೆ ಬಿರುಕನ್ನು ನೆನೆದು ಮಾತನಾಡದವರಿಲ್ಲ. ಮಣ್ಣು ಪರೀಕ್ಷಿಸುವುದೇ ಒಂದು ಉದ್ಯೋಗವೆಂದು ತಿಳಿದಾಗ ಅವರಿಗೆ ಆಶ್ಚರ್ಯ.

ನೀರಿನ ಕಥೆಯೂ ಹಾಗೆಯೇ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು ಬೇಡ್ತಿಯ ಮೂಲಕ ಅರಬ್ಬೀ ಸಮುದ್ರ ಸೇರಿದರೆ, ನಮ್ಮ ನಲ್ಲಿಗೆ ಬರುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುವ ನದಿ. ಸವದತ್ತಿಯ ಜಲಾಶಯದಿಂದ ನೀರನ್ನು ಇಲ್ಲಿಯವರೆಗೆ ಎತ್ತಿ ತರಬೇಕು, ಶುದ್ಧೀಕರಿಸಬೇಕು, ವಾರ್ಡುಗಳಿಗೆ ಹಂಚಬೇಕು. 2008ರ ಹೊತ್ತಿಗೆ ಅವಳಿ ನಗರದ ಕೆಲವು ಭಾಗಗಳಲ್ಲಿ ಪ್ರಾಯೋಗಿಕವಾಗಿ ಇಡೀ ದಿನ ನೀರು ಬಿಡತೊಡಗಿದರು. ಉಳಿದ ಓಣಿಗಳ ಮಕ್ಕಳಿಗೆ ‘ನೀರು ಬಿಡುವ ದಿನ’ ಎಂದರೇನೆಂದು ಚೆನ್ನಾಗಿ ಗೊತ್ತು. ವಾಲ್ವ್‌ಮನ್ ತಿರುಗಿಸುವ ಆ ಕಬ್ಬಿಣದ ಕೀಲಿಯ ಹಿಂದೆ ಒತ್ತಡ, ಎತ್ತರ, ಪೈಪಿನ ವ್ಯಾಸಗಳ ಲೆಕ್ಕವಿದೆಯೆಂದು ತೋರಿಸಲು ಪ್ರಯೋಗಾಲಯದ ಅಗತ್ಯವೇ ಇಲ್ಲ.

ಈ ಪಾಠದಲ್ಲಿ ಚಿಗರಿ ಬಸ್ಸಿನ ಮಾತನ್ನು ನಾನು ಎಂದೂ ಬಿಡುವುದಿಲ್ಲ. ಹುಬ್ಬಳ್ಳಿ-ಧಾರವಾಡ ನಡುವಿನ ತ್ವರಿತ ಬಸ್ ಸಾರಿಗೆಯ, ಅಂದರೆ ಬಿಆರ್‌ಟಿಎಸ್ ಮಾರ್ಗದಲ್ಲಿ ಬಸ್ಸುಗಳು 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ, 2020ರಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಎತ್ತರದಲ್ಲಿರುವುದರಿಂದ ಅಜ್ಜಿಯೂ ಗಾಲಿಕುರ್ಚಿಯವರೂ ಮೆಟ್ಟಿಲು ಹತ್ತದೆ ಒಳಗೆ ಹೋಗಬಹುದು. ಇದನ್ನು ಯಾರೋ ಕುಳಿತು ಯೋಚಿಸಿದ್ದಾರೆ. ಆದರೆ ನಿಲ್ದಾಣಗಳು ರಸ್ತೆಯ ನಡುವಿರುವುದರಿಂದ ಅದೇ ಅಜ್ಜಿ ವಾಹನಗಳ ಸಾಲನ್ನು ದಾಟಿಯೇ ಅಲ್ಲಿಗೆ ಸೇರಬೇಕು. ಒಂದು ನಿರ್ಧಾರ ಒಬ್ಬರಿಗೆ ಅನುಕೂಲ ತಂದು ಇನ್ನೊಬ್ಬರಿಗೆ, ಕೆಲವೊಮ್ಮೆ ಅವರಿಗೇ, ತೊಡಕನ್ನೂ ತರುತ್ತದೆಂಬುದನ್ನು ಮಕ್ಕಳು ಬಹುಬೇಗ ಹಿಡಿಯುತ್ತಾರೆ. ಇಳಿಜಾರು ದಾರಿ, ಅಂದರೆ ರ‍್ಯಾಂಪ್, ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದೆಂಬ ನಿಯಮ ಹೇಳಿ, ತಮ್ಮ ಶಾಲೆಯದನ್ನೇ ಅಳೆಯಲು ಬಿಟ್ಟರೆ ಸಾಕು, ವರದಿ ಸಿದ್ಧವಾಗುತ್ತದೆ. (ಆ ವರದಿಯನ್ನು ಎಲ್ಲ ಶಾಲೆಗಳೂ ಗೋಡೆಗೆ ಅಂಟಿಸುವುದಿಲ್ಲ.)

ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆಸುವಾಗ ಪ್ರಮಾಣದ ಪಾಠ ಬರುತ್ತದೆ. ಒಂದು ಸೆಂಟಿಮೀಟರಿಗೆ ಒಂದು ಮೀಟರ್ ಎಂದಿಟ್ಟುಕೊಂಡರೆ ತರಗತಿಯ ಕೋಣೆ ಅಂಗೈಯಲ್ಲಿ ಹಿಡಿಯುತ್ತದೆ. ಅದೇ ಪ್ರಮಾಣದಲ್ಲಿ ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್ ಬರೆಯಹೊರಟರೆ ಹದಿನೈದು ಮೀಟರ್ ಕಾಗದ ಬೇಕು! ಎಷ್ಟು ಭಾಗಿಸಿದರೆ ಹಾಳೆಯೊಳಗೆ ಬರುತ್ತದೆಂದು ತಾವೇ ಲೆಕ್ಕ ಹಾಕಿ, ಐದು ಸಾವಿರಕ್ಕೆ ಒಂದರಲ್ಲಿ ಮೂವತ್ತು ಸೆಂಟಿಮೀಟರಿಗೆ ಇಳಿಸಿದ ಮಕ್ಕಳಿಗೆ ಅನುಪಾತದ ಅಧ್ಯಾಯವನ್ನು ಮತ್ತೆ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆಯೇ ನಾನು ಓದಿನ ದಾರಿಗಳ ಬಗ್ಗೆ ಹೇಳುವುದು, ಅದೂ ಚುಟುಕಾಗಿ. ಎಸ್ಸೆಸ್ಸೆಲ್ಸಿ ಆದ ನಂತರ ಐಟಿಐಯಲ್ಲಿ ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿ ಎರಡು ವರ್ಷ; ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮೂರು ವರ್ಷ, ಅಲ್ಲಿಂದ ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗುವ ದಾರಿಯೂ ತೆರೆದಿದೆ. ವಾಸ್ತುಶಿಲ್ಪದ ಪದವಿಗೆ ಐದು ವರ್ಷ, ಪಿಯುಸಿಯಲ್ಲಿ ಗಣಿತ ಇರಬೇಕು, ನಾಟಾ ಅಥವಾ ಜೆಇಇಯಂಥ ಪ್ರವೇಶ ಪರೀಕ್ಷೆ ಬರೆಯಬೇಕು. 1972ರ ಕಾಯ್ದೆಯಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸದೆ ಯಾರೂ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ನಗರ ಯೋಜನೆಗೆ ನಾಲ್ಕು ವರ್ಷಗಳ ಪದವಿಯಿದ್ದು, ದೆಹಲಿ, ಭೋಪಾಲ್, ವಿಜಯವಾಡಗಳಲ್ಲಿ ಅದಕ್ಕೆಂದೇ ಕೇಂದ್ರದ ಸಂಸ್ಥೆಗಳಿವೆ. ಭೂಗೋಳವನ್ನೋ ಅರ್ಥಶಾಸ್ತ್ರವನ್ನೋ ಓದಿದವರು ಸಹ ಸ್ನಾತಕೋತ್ತರ ಹಂತದಲ್ಲಿ ಯೋಜನೆಯತ್ತ ಬರಬಹುದೆಂಬುದು ಪಾಲಕರಲ್ಲಿ ಬಹುಮಂದಿಗೆ ಗೊತ್ತಿಲ್ಲ.

ಪಾಲಕರ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಗಂಡುಮಕ್ಕಳ ತಂದೆಯರು ‘ಇದರಾಗ ಪಗಾರ ಎಷ್ಟ್ರೀ?’ ಎಂದು ಕೇಳುತ್ತಾರೆ. ಹೆಣ್ಣುಮಕ್ಕಳ ತಂದೆಯರು ‘ಬಿಸಿಲಾಗ ನಿಂದ್ರಬೇಕೇನ್ರೀ?’ ಎಂದು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಪಗಾರ ಆರಂಭದಲ್ಲಿ ಹೆಚ್ಚಿರುವುದಿಲ್ಲ, ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ ಎಂದೇ ನಾನು ಉತ್ತರಿಸುತ್ತೇನೆ. ನಾನೂ ನಿಂತಿದ್ದೇನೆ, ಈಗಲೂ ನಿಲ್ಲುತ್ತೇನೆ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ, ಮರಳು ಹೊರುವ ಹೆಂಗಸರು ನಮ್ಮ ಊರಿನಲ್ಲಿ ಎಂದಿನಿಂದಲೂ ಬಿಸಿಲಲ್ಲಿಯೇ ಇದ್ದಾರಾದ್ದರಿಂದ, ಬಿಸಿಲು ಹೆಣ್ಣಿಗೆ ಒಗ್ಗದೆಂಬ ವಾದ ನಕ್ಷೆ ಹಿಡಿದವಳಿಗೆ ಮಾತ್ರ ಏಕೆ ಎದುರಾಗುತ್ತದೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಗದಗದ ಕಡೆಯ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ಮಕ್ಕಳನ್ನು ಲಕ್ಕುಂಡಿಗೆ ಕರೆದೊಯ್ಯುವಾಗ ಗುಡಿಗಳಲ್ಲಿಯೇ ಪ್ರವಾಸ ಮುಗಿಸಬೇಡಿ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲುಗಳ ಎತ್ತರ ಮತ್ತು ಅಗಲವನ್ನು ಹೊರಗಿನಿಂದ ನೋಡಿ ಅಂದಾಜಿಸಲು ಹೇಳಿ, ತಮ್ಮ ಶಾಲೆಯ ಮೆಟ್ಟಿಲಿನೊಂದಿಗೆ ಹೋಲಿಸಿ ಬರೆಯಿಸಿ. ಓಣಿಗೆ ಹೊರಡುವವರಿಗೆ ಎರಡು ಸೂಚನೆಗಳು: ಗಟಾರದೊಳಗೆ ಯಾವ ಮಗುವೂ ಇಳಿಯಬಾರದು, ಟೇಪಿಗೆ ಕೋಲು ಕಟ್ಟಿ ಮೇಲಿನಿಂದಲೇ ಅಳೆಯಬೇಕು; ಮತ್ತು ಅಳೆಯುವ ಮುನ್ನ ಆ ಮನೆಯವರ ಅನುಮತಿ ಕೇಳಬೇಕು, ಇಲ್ಲವಾದರೆ ಗಟಾರದ ಮೇಲೆ ಕಟ್ಟೆ ಕಟ್ಟಿಕೊಂಡವರು ಪಾಲಿಕೆಯಿಂದ ಜನ ಬಂದರೆಂದು ಗಾಬರಿಯಾಗುತ್ತಾರೆ.